ರೆಕಾರ್ಡ್ ತಿದ್ದುವ ಅನುಮತಿ ಎಲ್ಲರಿಗೂ ಇರಬೇಕೇ, ಇಬ್ಬರಿಗೆ ಸಾಕೇ?

ಕ್ಯಾಟಲಾಗ್ ಮೇಜು:
ಗ್ರಂಥಾಲಯದ ಕ್ಯಾಟಲಾಗ್ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಸಿಬ್ಬಂದಿ ಹನ್ನೊಂದು ಜನ. ರೆಕಾರ್ಡ್, ಅಂದರೆ ಪುಸ್ತಕದ ವಿವರಗಳ ನಮೂದು, ಮಾಡುವ, ತಿದ್ದುವ, ಅಳಿಸುವ ಅನುಮತಿ ಎಲ್ಲರ ಲಾಗಿನ್‌ಗೂ ಇದೆ. ಹೋದ ವಾರ ಓದುಗರೊಬ್ಬರು ಒಂದು ಕಾದಂಬರಿ ಕೇಳಿಕೊಂಡು ಬಂದರು. ಕೌಂಟರಿನವರು ಹುಡುಕಿದಾಗ "ಇಶ್ಯೂ ಆಗಿದೆ" ಎಂದು ಬಂತು. ಅವರ ಹೆಸರಿಗೆ ಕಾಯ್ದಿರಿಸಿ ಕಳಿಸಿಕೊಟ್ಟರು. ಸಂಜೆ ನಾನು ನೋಡಿದರೆ ಅದೇ ಪುಸ್ತಕಕ್ಕೆ, ಅದೇ ಆವೃತ್ತಿಗೆ, ಐದು ರೆಕಾರ್ಡ್! ಒಂದೊಂದಕ್ಕೂ ಒಂದೊಂದು ಪ್ರತಿ. ನಾಲ್ಕು ಪ್ರತಿ ಕಪಾಟಿನಲ್ಲೇ ಕೂತಿದ್ದವು. ಪುಸ್ತಕ ಇದ್ದೂ ಓದುಗರು ಬರಿಗೈಯಲ್ಲಿ ಹೋದರಲ್ಲ ಎಂದು ಬಹಳ ಬೇಸರವಾಯಿತು.

ಅದಕ್ಕೇ ಒಂದು ಪ್ರಸ್ತಾವ ಇಟ್ಟಿದ್ದೇನೆ. ರೆಕಾರ್ಡ್ ಮಾಡುವುದು, ತಿದ್ದುವುದು ಇನ್ನು ಮೇಲೆ ಇಬ್ಬರು ಮಾತ್ರ. ಸಹೋದ್ಯೋಗಿಗಳು ಮುನಿಸಿಕೊಂಡಿದ್ದಾರೆ. ನಿಮ್ಮ ಅನುಭವ ಏನು ಹೇಳುತ್ತದೆ?

ಕೌಂಟರ್ ಕಡೆಯವಳು:
ನಾನೂ ಇಶ್ಯೂ ಕೌಂಟರಿನಲ್ಲೇ ಕೂರುವವಳು, ಆದ್ದರಿಂದ ನಿಮ್ಮ ಸಹೋದ್ಯೋಗಿಗಳ ಪರ ಮಾತಾಡುತ್ತೇನೆ. ನಾವು ಹೊಸ ರೆಕಾರ್ಡ್ ಮಾಡುವುದು ಹುಡುಕಿ ಸಿಗದೇ ಹೋದಾಗ. ಪುಸ್ತಕ ಕೈಯಲ್ಲಿದೆ, ಓದುಗರು ಎದುರಿಗೆ ನಿಂತಿದ್ದಾರೆ, ಹಿಂದೆ ಸಾಲು ಬೆಳೆಯುತ್ತಿದೆ. ಪರದೆ "ಯಾವುದೂ ಸಿಗಲಿಲ್ಲ" ಎನ್ನುತ್ತಿದೆ. ಏನು ಮಾಡಬೇಕು ಹೇಳಿ? ಇದ್ದ ರೆಕಾರ್ಡ್ ಹುಡುಕಿದಾಗ ಯಾಕೆ ಬರಲಿಲ್ಲ ಅನ್ನುವುದನ್ನು ಮೊದಲು ನೋಡಿ ಮೇಡಂ. ಬೀಗ ಆಮೇಲೆ ಹಾಕುವಿರಂತೆ.

ಮಾರ್ಕ್ ಓದುವವ:
ಕೌಂಟರ್ ಕಡೆಯವರು ಹೇಳಿದ್ದು ಸರಿ. ಆ ಐದೂ ರೆಕಾರ್ಡಿನ 020 ಫೀಲ್ಡ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಮಾರ್ಕ್ ಎಂಬ ಕ್ಯಾಟಲಾಗ್ ನಮೂನೆಯಲ್ಲಿ ಅದು ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ, ಇರುವ ಜಾಗ. ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಐಎಸ್‌ಬಿಎನ್ 2007ರ ಜನವರಿ 1ರಿಂದ 13 ಅಂಕಿಯದಾಯಿತು, ಅದಕ್ಕೂ ಮುಂಚೆ 10. ಹಳೇ ಪುಸ್ತಕದ ಮೇಲೆ 0306406152 ಎಂದು ಇರುತ್ತದೆ ಅನ್ನಿ. ಅದೇ ಪುಸ್ತಕದ 13 ಅಂಕಿಯ ರೂಪ 9780306406157. ಮುಂದೆ 978 ಸೇರಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ, ಆದರೆ ಕೊನೆಯ ಅಂಕಿಯೂ 2 ಹೋಗಿ 7 ಆಗಿದೆ ನೋಡಿ. ಅದು ತಾಳೆ ನೋಡುವ ಅಂಕಿ, 10ರದ್ದನ್ನು ಲೆಕ್ಕ ಹಾಕುವ ರೀತಿ ಬೇರೆ, 13ರದ್ದು ಬೇರೆ. ಎರಡು ರೂಪವನ್ನೂ ಒಂದೇ ಎಂದು ತಿಳಿಯುವಂತೆ ಹುಡುಕಾಟವನ್ನು ಹೊಂದಿಸದಿದ್ದರೆ ಒಬ್ಬರು ಹಳೆಯದನ್ನು ಹೊಡೆದು ಒಂದು ರೆಕಾರ್ಡ್ ಮಾಡುತ್ತಾರೆ, ಇನ್ನೊಬ್ಬರು ಹೊಸದನ್ನು ಸ್ಕ್ಯಾನ್ ಮಾಡಿ ಇನ್ನೊಂದು.

ಮೂರನೆಯದು ಸ್ಪ್ರೆಡ್‌ಶೀಟಿನಿಂದ ಬಂದಿರಬಹುದು. ಅದರಲ್ಲಿ ಆ ಕಾಲಂ ಅನ್ನು "ಪಠ್ಯ" ಎಂದು ಗುರುತು ಮಾಡದೆ ತೆರೆದರೆ ಮೊದಲ ಸೊನ್ನೆ ಹಾರಿಹೋಗಿ 306406152 ಉಳಿಯುತ್ತದೆ. 13 ಅಂಕಿಯದಾದರೆ 9.78, ಪಕ್ಕದಲ್ಲಿ ಇ, +12 ಎಂದು ಮುದುಡಿಕೊಳ್ಳುತ್ತದೆ. ಹಾಗೇ ಸೇವ್ ಮಾಡಿ ಆಮದು ಮಾಡಿದಿರೋ, ಕೊನೆಯ ಅಂಕಿಗಳು ಹೋದವು, ಮೂಲ ಪಟ್ಟಿ ಇಲ್ಲದೆ ಅವನ್ನು ವಾಪಸ್ ತರುವ ದಾರಿಯೇ ಇಲ್ಲ.

ಕ್ಯಾಟಲಾಗ್ ಮೇಜು:
ಈಗಷ್ಟೇ ನೋಡಿದೆ. ಒಂದರಲ್ಲಿ 10 ಅಂಕಿ, ಎರಡರಲ್ಲಿ 13 (ಒಂದಕ್ಕೆ ನಡುನಡುವೆ ಅಡ್ಡಗೆರೆ), ಒಂದರಲ್ಲಿ 9 ಅಂಕಿ, ಇನ್ನೊಂದರಲ್ಲಿ ಖಾಲಿ. ಆ 9 ಅಂಕಿಯದು ನಾನೇ ಎರಡು ವರ್ಷದ ಹಿಂದೆ ಆಮದು ಮಾಡಿದ ಪಟ್ಟಿಯಿಂದ ಬಂದಿದೆ. ಅಂದರೆ ನನ್ನ ಸಹೋದ್ಯೋಗಿಗಳ ಮೇಲೆ ಹೊರಿಸಿದ್ದರಲ್ಲಿ ಒಂದು ಪಾಲು ನನ್ನದೇ. ನಾಳೆ ಅವರಿಗೆ ಇದನ್ನು ಹೇಳುತ್ತೇನೆ.

ಸರ್ವರ್ ನೋಡುವವ:
ಹಾಗಿದ್ದರೆ ಸುಲಭ. ಐಎಸ್‌ಬಿಎನ್ ಅನ್ನು ಒಂದೇ ರೂಪಕ್ಕೆ ತಂದು, ಅದು ಹೊಂದಿದರೆ ಹೊಸ ರೆಕಾರ್ಡ್ ಆಗದಂತೆ ಆಮದಿನ ಹೊಂದಾಣಿಕೆ ನಿಯಮದಲ್ಲಿ ಹಾಕಿಬಿಡಿ. ಮನುಷ್ಯರಿಗೆ ಯಾವ ನಿರ್ಬಂಧವೂ ಬೇಡ, ಯಂತ್ರವೇ ತಡೆಯುತ್ತದೆ.

ಮಾರ್ಕ್ ಓದುವವ:
ದಯವಿಟ್ಟು ಅದೊಂದನ್ನೇ ನಂಬಬೇಡಿ ಸರ್. ನಾಲ್ಕು ಸಂಪುಟಗಳ ಸೆಟ್ ಒಂದು ಬಂದಿತ್ತು, ಪ್ರತಿ ಸಂಪುಟದಲ್ಲೂ ಇಡೀ ಸೆಟ್ಟಿನ ಐಎಸ್‌ಬಿಎನ್ ಅಚ್ಚಾಗಿತ್ತು. ನಮ್ಮಲ್ಲಿ ನಿಯಮ ಇದ್ದದ್ದು ಐಎಸ್‌ಬಿಎನ್ ಮೇಲೆ ಮಾತ್ರ. ಎರಡನೇ ಸಂಪುಟ ಒಂದನೆಯದರ ಮೇಲೆ ಕೂತಿತು, ಮೂರನೆಯದು ಎರಡನೆಯದರ ಮೇಲೆ. ಕೊನೆಗೆ ಕ್ಯಾಟಲಾಗಿನಲ್ಲಿ ಉಳಿದದ್ದು ನಾಲ್ಕನೇ ಸಂಪುಟ ಒಂದೇ. ಕೆಲವು ಪ್ರಕಾಶಕರು ಹಳೇ ನಂಬರನ್ನೇ ಬೇರೆ ಪುಸ್ತಕಕ್ಕೆ ಹಾಕುವುದೂ ಉಂಟು. ಐಎಸ್‌ಬಿಎನ್ ಜೊತೆಗೆ 245 ಫೀಲ್ಡಿನ ಶೀರ್ಷಿಕೆಯೂ ಹೊಂದಬೇಕು, ಸಂಪುಟದ ಸಂಖ್ಯೆ ಇದ್ದರೆ ಅದೂ. ಅನುಮಾನ ಬಂದದ್ದನ್ನು ಪಕ್ಕಕ್ಕಿಟ್ಟು ಮನುಷ್ಯರೇ ನೋಡಬೇಕು.

ಸರ್ವರ್ ನೋಡುವವ:
ಒಪ್ಪಿದೆ. ಸೆಟ್ಟಿನ ವಿಷಯ ನನಗೆ ಹೊಳೆದಿರಲಿಲ್ಲ.

ಲಿಪಿ ಜಗಳ:
ಶೀರ್ಷಿಕೆ ಹೊಂದಬೇಕು ಅಂದಿರಿ. ಕನ್ನಡ ಪುಸ್ತಕಗಳಲ್ಲಿ ತೊಂದರೆ ಇರುವುದೇ ಅಲ್ಲಿ. ಕಣ್ಣಿಗೆ ಒಂದೇ ಥರ ಕಾಣುವ "ಕೊ" ಕಂಪ್ಯೂಟರಿನ ಅಕ್ಷರ ಸಂಕೇತವಾದ ಯುನಿಕೋಡಿನಲ್ಲಿ ಎರಡು ರೀತಿ ಕೂರಬಹುದು. ಒಂದು, ಕ ಪಕ್ಕ "ೊ" ಎಂಬ ಇಡೀ ಚಿಹ್ನೆ. ಇನ್ನೊಂದು, ಅದನ್ನೇ ಬಿಡಿಸಿ "ೆ" ಮತ್ತು "ೂ" ಎಂದು ಎರಡಾಗಿ ಹೊಡೆದದ್ದು. ಇವೆರಡೂ ಒಂದೇ ಎಂದು ಯುನಿಕೋಡೇ ಹೇಳುತ್ತದೆ. ಆದರೆ ಹುಡುಕಾಟಕ್ಕೆ ಬೇಕಾದ ಪದಗಳ ಸೂಚಿ ಕಟ್ಟುವಾಗ ಅವನ್ನು ಒಂದೇ ರೂಪಕ್ಕೆ ತರದಿದ್ದರೆ ಹುಡುಕಾಟಕ್ಕೆ ಅವು ಬೇರೆ ಬೇರೆ ಪದ. ಅರ್ಕಾವೊತ್ತು ಬೇಕೋ ಬೇಡವೋ ಎಂಬುದಕ್ಕೆ ನಡುವೆ ಸೇರುವ ಕಾಣದ ಜೋಡಕ ಅಕ್ಷರದ್ದೂ ಇದೇ ಪಾಡು.

ಇದಕ್ಕಿಂತ ಕಷ್ಟದ್ದು ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದ ಎಂಟ್ರಿಗಳು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಒಳಗೆ ಇರುವುದು ಮಾತ್ರ ಲ್ಯಾಟಿನ್ ಅಕ್ಷರ, ಚಿಹ್ನೆಗಳು. ಯುನಿಕೋಡ್ ಕನ್ನಡದಲ್ಲಿ ಎಷ್ಟು ಹುಡುಕಿದರೂ ಅದು ಸಿಗದು. ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ಒಬ್ಬರು ಕೂತು ಒಂದೊಂದೇ ಸಾಲು ಓದಬೇಕು, ಒತ್ತಕ್ಷರಗಳು ಸ್ಥಳ ತಪ್ಪಿರುತ್ತವೆ. ನಾನು ಇದನ್ನು ತಿಂಗಳುಗಟ್ಟಲೆ ಮಾಡಿದ್ದೇನೆ. ಒಂದೊಂದು ಪುಸ್ತಕ ಹುಡುಕಾಟದಲ್ಲಿ ಮೇಲೆ ಬಂದಾಗ ಕಳೆದುಹೋದದ್ದು ಮನೆಗೆ ಬಂದಷ್ಟು ಸಂತೋಷ.

ಕೌಂಟರ್ ಕಡೆಯವಳು:
ಲಿಪಿ ಅಂದಕೂಡಲೇ ನೆನಪಾಯಿತು. ನಮ್ಮಲ್ಲಿ "ಸ್ಕ್ಯಾನರ್ ಕೆಟ್ಟಿದೆ" ಎಂದು ವಾರಕ್ಕೆರಡು ಸಲ ದೂರು ಬರುತ್ತಿತ್ತು. ಕೆಟ್ಟಿರಲಿಲ್ಲ. ಶೀರ್ಷಿಕೆ ಹೊಡೆಯಲು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದವರು ವಾಪಸ್ ಇಂಗ್ಲಿಷಿಗೆ ತಿರುಗಿಸದೆ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಿದ್ದರು. ಸಾಮಾನ್ಯ ಸ್ಕ್ಯಾನರ್ ಕಂಪ್ಯೂಟರಿನ ಲೆಕ್ಕಕ್ಕೆ ಇನ್ನೊಂದು ಕೀಲಿಮಣೆ ಅಷ್ಟೇ. ಬಾರ್‌ಕೋಡಿನ ಮೊದಲಿದ್ದ ಇಂಗ್ಲಿಷ್ ಅಕ್ಷರ ಕನ್ನಡವಾಗಿ ಬೀಳುತ್ತಿತ್ತು, "ಇಂಥ ಪ್ರತಿ ಇಲ್ಲ" ಎನ್ನುತ್ತಿತ್ತು. ಇದು ಗೊತ್ತಿಲ್ಲದ ಒಬ್ಬರು ಪುಸ್ತಕವೇ ಎಂಟ್ರಿ ಆಗಿಲ್ಲವೆಂದು ತಿಳಿದು ಹೊಸ ರೆಕಾರ್ಡ್ ಮಾಡಿದ್ದರು. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕ್ಯಾಟಲಾಗ್ ಮೇಜು:
ಸ್ಕ್ಯಾನ್ ಮಾಡಿದ ತಕ್ಷಣ ಎಂಟ್ರಿ ಪುಟ ಅರ್ಧಕ್ಕೇ ಸೇವ್ ಆಗಿಬಿಡುತ್ತದೆ ಎಂದು ನಮ್ಮಲ್ಲೊಬ್ಬರು ಹೇಳುತ್ತಲೇ ಇದ್ದರು. ಅದೂ ಸ್ಕ್ಯಾನರಿನದೇ?

ಸರ್ವರ್ ನೋಡುವವ:
ಹೌದು, ಅಂಕಿಗಳ ಕೊನೆಗೆ ಅದು ತಾನೇ ಎಂಟರ್ ಒತ್ತುತ್ತದೆ. ಇಶ್ಯೂ, ರಿಟರ್ನ್ ಮಾಡುವಾಗ ಅದು ಬೇಕು, ಎಂಟ್ರಿ ಪುಟದಲ್ಲಿ ಬೇಡ. ಕ್ಯಾಟಲಾಗ್ ಮಾಡುವ ಸ್ಕ್ಯಾನರಿನಲ್ಲಿ ಎಂಟರ್ ಬದಲು ಟ್ಯಾಬ್ ಇಟ್ಟುಕೊಳ್ಳಿ, ಜೊತೆಗೆ ಬಂದ ಕೈಪಿಡಿಯಲ್ಲಿ ಅದಕ್ಕೆಂದೇ ಬಾರ್‌ಕೋಡ್ ಇರುತ್ತದೆ.

ಇನ್ನೊಂದು ಮಾತು. ಹೊಸ ರೆಕಾರ್ಡ್ ಸೇವ್ ಆದ ಕ್ಷಣವೇ ಹುಡುಕಾಟದಲ್ಲಿ ಬರಲೇಬೇಕೆಂದಿಲ್ಲ, ಸೂಚಿ ಹೊಸದಾಗಬೇಕು. ಕೆಲವು ಕಡೆ ಅದಕ್ಕೆ ಕೆಲವು ನಿಮಿಷ ಬೇಕು, ಆ ಕೆಲಸ ನಿಂತುಹೋಗಿದ್ದರೆ ಬರುವುದೇ ಇಲ್ಲ. "ಬರಲಿಲ್ಲ" ಎಂದು ಮತ್ತೆ ಹೊಡೆದರೆ ಜೋಡಿ ಹುಟ್ಟಿತು.

ಕಾರ್ಡಿನ ಕಾಲದವರು:
ನಿವೃತ್ತಳಾಗಿದ್ದೇನೆ, ಆದರೂ ಒಂದು ಮಾತು. ಕ್ಯಾಟಲಾಗ್ ಒಬ್ಬರ ಕೈಯಲ್ಲಿರಬೇಕು ಎನ್ನುವ ಪಕ್ಷದವಳು ನಾನು. ಕಾರ್ಡು ಡ್ರಾಯರಿನ ಸರಳಿಗೆ ಪೋಣಿಸುವ ಮುಂಚೆ ಇನ್ನೊಬ್ಬರು ಓದಿಯೇ ಓದುತ್ತಿದ್ದರು. ಲೇಖಕರ ಹೆಸರಿನ ಇನಿಷಿಯಲ್ ಒಬ್ಬರು ಮುಂದೆ, ಒಬ್ಬರು ಹಿಂದೆ ಬರೆದರೆ ಒಬ್ಬ ಲೇಖಕ ಇಬ್ಬರಾಗುತ್ತಾರೆ, ಅರ್ಧ ಪುಸ್ತಕ ಅಲ್ಲಿ, ಅರ್ಧ ಇಲ್ಲಿ. ಹೆಸರಿನ ಅಧಿಕೃತ ರೂಪ ಯಾವುದು ಎಂಬುದನ್ನು ಹನ್ನೊಂದು ಜನ ಹನ್ನೊಂದು ಬಗೆಯಲ್ಲಿ ತೀರ್ಮಾನಿಸುವ ಹಾಗಿಲ್ಲ.

ಕೌಂಟರ್ ಕಡೆಯವಳು:
ಅಮ್ಮ, ನಿಮ್ಮ ಮಾತಿಗೆ ಎದುರಾಡುತ್ತಿಲ್ಲ. ಆದರೆ ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಬರೆದಿಟ್ಟಿದ್ದಾರೆ. "ಅನುಮತಿ ಇರುವವರು ರಜೆ, ಸೋಮವಾರ ಬನ್ನಿ" ಎಂದು ನಾನು ಹೇಗೆ ಹೇಳಲಿ?

ಕಾರ್ಡಿನ ಕಾಲದವರು:
ಹಾಗೆ ಹೇಳಬಾರದು ಮಗಳೇ, ನೀನು ಹೇಳಿದ್ದು ಸರಿ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮಾರ್ಕ್ ರೂಪಿಸಿದ ಹೆನ್ರಿಯೆಟ್ ಅವ್ರಾಂ ಗ್ರಂಥಾಲಯದ ಕೆಲಸದಿಂದ ಬಂದವರಲ್ಲ, ಪ್ರೋಗ್ರಾಮರ್. ಕ್ಯಾಟಲಾಗ್ ಮಾಡುವವರ ಕೆಲಸವನ್ನು ಕೂತು ಕಲಿತು, ಅದರ ಒಂದೊಂದು ತುಣುಕಿಗೂ ಸಂಖ್ಯೆ ಕೊಟ್ಟರು. ಕ್ಯಾಟಲಾಗ್ ಮೇಜಿನವರೂ ಹಾಗೆ ತಮ್ಮ ಕೌಂಟರಿನಲ್ಲಿ ಅರ್ಧ ದಿನ ಕೂತು ನೋಡಿ ಆಮೇಲೆ ಯಾರಿಗೆ ಯಾವ ಅನುಮತಿ ಎಂದು ತೀರ್ಮಾನಿಸಲಿ.

ಸರ್ವರ್ ನೋಡುವವ:
ಅನುಮತಿ ಒಂದೇ ಗಂಟು ಆಗಿರಬೇಕಿಲ್ಲ. ಕೊಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ರೆಕಾರ್ಡ್ ತಿದ್ದುವುದು, ಪ್ರತಿ ತಿದ್ದುವುದು, ತುರ್ತು ಎಂಟ್ರಿ ಮಾಡುವುದು ಬೇರೆ ಬೇರೆ ಅನುಮತಿಗಳು. ಪುಸ್ತಕ ಹರಿದಿದೆ, ಕಪಾಟು ಬದಲಾಗಿದೆ ಎಂಬುದು ಪ್ರತಿಯ ವಿಷಯ, ಅದು ಎಲ್ಲರಿಗೂ ಇರಲಿ. ತುರ್ತು ಎಂಟ್ರಿಯೂ ಎಲ್ಲರಿಗೂ ಇರಲಿ: ಕೆಲವೇ ಫೀಲ್ಡ್ ತುಂಬಿ ಪುಸ್ತಕ ಇಶ್ಯೂ ಮಾಡಿ ಕಳಿಸಬಹುದು. ರೆಕಾರ್ಡ್‌ಗಳನ್ನು ಒಂದಾಗಿ ಸೇರಿಸುವುದು, ಅಳಿಸುವುದು, ಸಾವಿರಾರನ್ನು ಒಟ್ಟಿಗೆ ಬದಲಿಸುವುದು ಇಬ್ಬರಿಗೆ ಸಾಕು. ಒಟ್ಟಿಗೆ ಬದಲಿಸುವ ಮುಂಚೆ ಬ್ಯಾಕಪ್. ಆ ಬ್ಯಾಕಪ್ ಅನ್ನು ಬೇರೆ ಯಂತ್ರದಲ್ಲಿ ಒಮ್ಮೆ ತೆರೆದು ನೋಡಿರಬೇಕು, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಕೌಂಟರ್ ಕಡೆಯವಳು:
ತುರ್ತು ಎಂಟ್ರಿ ಅಲ್ಲೇ ಕೊಳೆಯುತ್ತಾ ಬಿದ್ದರೆ? ನಮ್ಮಲ್ಲಿ ಹಾಗಾಗಿದೆ.

ಕ್ಯಾಟಲಾಗ್ ಮೇಜು:
ಅದಕ್ಕೆ ನಾನು ಮಾತು ಕೊಡುತ್ತೇನೆ. ದಿನಾ ಬೆಳಿಗ್ಗೆ ಮೊದಲ ಕೆಲಸ ಹಿಂದಿನ ದಿನದ ತುರ್ತು ಎಂಟ್ರಿಗಳ ಪಟ್ಟಿ. ಅದರಲ್ಲಿ ತಪ್ಪು ಕಂಡರೆ ಹೊಡೆದವರ ಪಕ್ಕ ಕೂತು ತೋರಿಸುತ್ತೇನೆ, ಸಭೆಯಲ್ಲಿ ಹೆಸರು ಎತ್ತುವುದಿಲ್ಲ. ಪ್ರಸ್ತಾವವನ್ನೂ ಹೀಗೇ ಬದಲಿಸಿ ಬರೆದೆ.

ಮಾರ್ಕ್ ಓದುವವ:
ಆ ಐದು ರೆಕಾರ್ಡ್ ಸೇರಿಸುವಾಗ ಅತಿ ಪೂರ್ಣವಾಗಿ ತುಂಬಿರುವುದನ್ನು ಉಳಿಸಿಕೊಳ್ಳಿ. ಕಾಯ್ದಿರಿಸಿದ್ದು ಉಳಿಯುವ ರೆಕಾರ್ಡಿಗೆ ಬಂತೋ ಇಲ್ಲವೋ ನೋಡಿಕೊಂಡೇ ಮುಂದಿನದಕ್ಕೆ ಹೋಗಿ.

ಕ್ಯಾಟಲಾಗ್ ಮೇಜು:
ಇವತ್ತು ಸೇರಿಸಿದೆ. ಇಶ್ಯೂ ಆಗಿದ್ದದ್ದೂ ವಾಪಸ್ ಬಂದಿತ್ತು, ಮೊದಲು ಪುಸ್ತಕ ಕೈಗೆ ತೆಗೆದುಕೊಂಡು ಐದೂ ಪ್ರತಿಯ ಶೀರ್ಷಿಕೆ ಪುಟದ ಹಿಂಬದಿ ನೋಡಿದೆ, ನಾಲ್ಕು ಮಾತ್ರ ಒಂದೇ ಆವೃತ್ತಿ. ಐಎಸ್‌ಬಿಎನ್ ಖಾಲಿ ಇದ್ದದ್ದು ಹಳೆಯ ಮೊದಲ ಮುದ್ರಣ, ಬೇರೆ ಪ್ರಕಾಶಕರದು. ಅದನ್ನು ಹಾಗೇ ಬಿಟ್ಟು 250ರಲ್ಲಿ ಆವೃತ್ತಿ ಬರೆದೆ. ಕಾಯ್ದಿರಿಸಿದ್ದು ಸರಿಯಾಗಿ ಬಂತು, ಓದುಗರಿಗೆ ಸಂದೇಶವೂ ಹೋಯಿತು. ಮಧ್ಯಾಹ್ನ ಬಂದು ಪುಸ್ತಕ ತೆಗೆದುಕೊಂಡು ಹೋದರು.

ಕೌಂಟರ್ ಕಡೆಯವಳು:
ಕೀಲಿಮಣೆಯ ವಿಷಯ ಒಂದು ಚೀಟಿಯಲ್ಲಿ ಬರೆದು ಸ್ಕ್ಯಾನರಿನ ಪಕ್ಕ ಅಂಟಿಸಿ ಮೇಡಂ. ನಾವು ಹಾಗೆ ಮಾಡಿದ ಮೇಲೆ ದೂರು ನಿಂತಿತು.