ಶಾಲೆಯಲ್ಲಿ ಮೈಬಣ್ಣದ ಗೇಲಿ: ಇಂಗ್ಲೆಂಡಿನ ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿದ್ದೇವೆ. ಸರ್ಕಾರಿ ಶಾಲೆಯಲ್ಲಿ ಓದುವ ಮಗಳನ್ನು ಸಹಪಾಠಿಗಳು ಮೈಬಣ್ಣ ಹಿಡಿದು ಆಡಿಕೊಳ್ಳುತ್ತಾರೆ. ಮುಖ್ಯೋಪಾಧ್ಯಾಯರು "ಮಕ್ಕಳಾಟ, ದೊಡ್ಡದು ಮಾಡಬೇಡಿ" ಎಂದರು. ಶಾಲೆಯ ಮೇಲೆ ಮೊಕದ್ದಮೆ ಹೂಡಬಹುದೇ?

ಉತ್ತರ: ಸ್ವಲ್ಪ ತಡೆಯಿರಿ. ಮಕ್ಕಳು ಮಕ್ಕಳನ್ನು ಹೀಯಾಳಿಸಿದ್ದಕ್ಕೆ 2010ರ ಸಮಾನತಾ ಕಾಯ್ದೆ ಶಾಲೆಯನ್ನು ನೇರವಾಗಿ ಹೊಣೆ ಮಾಡುವುದಿಲ್ಲ. ಆದರೆ ಬೇರೆ ಬಗೆಯ ಕಿರುಕುಳಕ್ಕೆ ಶಿಕ್ಷೆ ಕೊಟ್ಟು ಇದನ್ನು ಮಾತ್ರ ತಳ್ಳಿಹಾಕಿದರೆ, ಅದು ಶಾಲೆಯದೇ ತಾರತಮ್ಯವಾಗಬಹುದು.

ನಿಮಗೆ ಹೆಚ್ಚು ಒದಗುವುದು ಅದೇ ಕಾಯ್ದೆಯ 149ನೇ ಸೆಕ್ಷನ್. ತಾರತಮ್ಯ, ಕಿರುಕುಳಗಳನ್ನು ತೊಡೆಯುವುದು, ಸಮಾನ ಅವಕಾಶ ಹೆಚ್ಚಿಸುವುದು, ಸಮುದಾಯಗಳ ನಡುವೆ ಸೌಹಾರ್ದ ಬೆಳೆಸುವುದು: ಸರ್ಕಾರಿ ಶಾಲೆಯೂ ಸೇರಿ ಸಾರ್ವಜನಿಕ ಸಂಸ್ಥೆಗಳು ಇವನ್ನು ಕೆಲಸದುದ್ದಕ್ಕೂ ಗಂಭೀರವಾಗಿ ಪರಿಗಣಿಸಬೇಕು. ಇದರ ಹಿಂದೆ ನೋವಿನ ಚರಿತ್ರೆಯಿದೆ. 1993ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯಾಯಿತು. ತನಿಖೆ ಹಳ್ಳ ಹಿಡಿದ ಬಗೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಪೊಲೀಸರಲ್ಲಿ ಸಾಂಸ್ಥಿಕ ಜನಾಂಗಭೇದವಿದೆ ಎಂದಿತು. ಮರುವರ್ಷವೇ ಕಾನೂನಿಗೆ ತಿದ್ದುಪಡಿಯಾಗಿ, ಜನಾಂಗದ ವಿಷಯದಲ್ಲಿ ಇಂಥ ಕರ್ತವ್ಯ ಸಾರ್ವಜನಿಕ ಸಂಸ್ಥೆಗಳ ಮೇಲೆ ಬಂತು. ದೂರು ಬಂದಮೇಲೆ ನೋಡೋಣ ಎನ್ನುವಂತಿಲ್ಲ.

ನ್ಯಾಯಾಲಯಗಳೂ ಇದನ್ನು ಹಗುರವಾಗಿ ಕಂಡಿಲ್ಲ. ಸೌತ್ ವೇಲ್ಸ್ ಪೊಲೀಸರು ಮುಖ ಗುರುತಿಸುವ ತಂತ್ರಾಂಶವನ್ನು ಪ್ರಯೋಗಿಸಿದ್ದರು. ಅದರಲ್ಲಿ ಜನಾಂಗ ಅಥವಾ ಲಿಂಗದ ಪಕ್ಷಪಾತ ಇದೆಯೇ ಎಂದು ಸರಿಯಾಗಿ ಪರೀಕ್ಷಿಸದಿದ್ದುದೇ ಕರ್ತವ್ಯಲೋಪ ಎಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪಕ್ಷಪಾತವಿತ್ತೆಂದು ಸಾಬೀತಾಗಬೇಕಿರಲಿಲ್ಲ.

ಮರುಪ್ರಶ್ನೆ: ಹಾಗಾದರೆ ನಮಗೆ ಪರಿಹಾರ ಸಿಗುತ್ತದೆಯೇ, ಸರ್?

ಉತ್ತರ: 149ರ ಉಲ್ಲಂಘನೆಗೆ ಹಣದ ಪರಿಹಾರವಿಲ್ಲ. ಅದಕ್ಕೆ ದಾರಿ ನ್ಯಾಯಾಂಗ ಪರಾಮರ್ಶೆ, ಅಂದರೆ ಸಂಸ್ಥೆ ನಡೆದುಕೊಂಡ ರೀತಿ ಕಾನೂನುಬದ್ಧವೇ ಎಂದು ನ್ಯಾಯಾಲಯ ಪರಿಶೀಲಿಸುವುದು. ವಿಳಂಬ ಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಹೋಗಬೇಕು, ಖರ್ಚೂ ಬಹಳ. ಶಾಲೆಯ ತಾರತಮ್ಯವೆಂದು ಕೌಂಟಿ ನ್ಯಾಯಾಲಯಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಆರು ತಿಂಗಳ ಗಡುವು.

ನನ್ನನ್ನು ಕೇಳಿದರೆ, ಮೊದಲು ಘಟನೆಗಳನ್ನು ದಿನಾಂಕಸಹಿತ ಬರೆದು ಲಿಖಿತ ದೂರು ಕೊಡಿ. ಒಪ್ಪದಿದ್ದರೆ ಆಡಳಿತ ಮಂಡಳಿಗೆ ಹೋಗಿ. ಶಾಲೆ ಸಮಾನತೆಯ ಮಾಹಿತಿಯನ್ನು ಪ್ರತಿವರ್ಷ, ಗುರಿಗಳನ್ನು ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ಅದನ್ನು ಕೇಳಿ. "ಮಕ್ಕಳಾಟ" ಎಂದವರಿಗೆ ಕಾಗದದ ಮೇಲೆ ಹಾಗೆ ಬರೆಯುವುದು ಕಷ್ಟ. ದೂರು ಕೊಟ್ಟಿರೆಂದು ಮಗಳ ಮೇಲೆ ಹಗೆ ಸಾಧಿಸಿದರೆ ಅದು ಕ್ರಿಮಿನಲ್ ಅಪರಾಧವಲ್ಲದಿದ್ದರೂ ಕಾನೂನುಬಾಹಿರ.

ಇನ್ನೊಬ್ಬರ ಪ್ರಶ್ನೆ: ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆಯೇ?

ಉತ್ತರ: 149 ಸಾಮಾನ್ಯವಾಗಿ ಇಲ್ಲ. ತಾರತಮ್ಯ ಮಾಡಬಾರದೆಂಬ 85ನೇ ಸೆಕ್ಷನ್ ಅನ್ವಯಿಸುತ್ತದೆ.