ಬಳಗದ ಕಾರ್ಯಕ್ರಮಗಳಿಗೆ ಆನ್‌ಲೈನ್ ಕ್ಯಾಲೆಂಡರ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಬಳಗದ ಕಾರ್ಯದರ್ಶಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಬಳಗವಿದೆ. ಪ್ರತಿ ಗುರುವಾರ ಸಂಜೆ ಮಕ್ಕಳಿಗೆ ಚೆಸ್, ತಿಂಗಳ ಎರಡನೇ ಭಾನುವಾರ ಪುಸ್ತಕದ ಓದು, ನಡುನಡುವೆ ರಕ್ತದಾನ ಶಿಬಿರ, ಗಿಡ ನೆಡುವ ಕೆಲಸ. ಎಲ್ಲವೂ ವಾಟ್ಸಾಪ್ ಗ್ರೂಪ್‌ನಲ್ಲೇ ತೀರ್ಮಾನವಾಗುತ್ತದೆ, ಅಲ್ಲೇ ಕಳೆದೂ ಹೋಗುತ್ತದೆ. ಹೋದ ಸಲ ಓದಿನ ಸಮಯವನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕಕ್ಕೆ ಬದಲಿಸಿದೆವು. ಗ್ರೂಪ್‌ನಲ್ಲಿ ಎಲ್ಲರಿಗೂ ತಿಳಿಸಿದ್ದೆವು. ಆದರೆ ಅದರ ಮೇಲೆ ಸಾಲುಸಾಲು ಫಾರ್ವರ್ಡ್‌ಗಳು ಬಂದು ಬಿದ್ದವು. ಹಿರಿಯ ದಂಪತಿಯೊಬ್ಬರು ಹತ್ತಕ್ಕೇ ಬಂದು, ಬೀಗ ನೋಡಿ ವಾಪಸ್ ಹೋದರಂತೆ. ಕೇಳಿ ಬಹಳ ಬೇಜಾರಾಯಿತು. ಇನ್ನೊಮ್ಮೆ ಹೀಗಾಗಬಾರದು.

ಗೂಗಲ್ ಕ್ಯಾಲೆಂಡರ್ ಸಾಕಾಗುತ್ತದಾ? ಕೆಲವರ ಹತ್ತಿರ ಐಫೋನ್ ಇದೆ, ಕೆಲವರು ಜಿಮೇಲ್ ಬಳಸುವುದೇ ಇಲ್ಲ. ಯಾರು ಬೇಕಾದರೂ ತಿದ್ದುವಂತೆ ಇಡಬೇಕಾ, ಬೇಡವಾ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕ್ಯಾಲೆಂಡರ್ ನೋಡಿಕೊಳ್ಳುವವನು:

ಮೇಡಂ, ಸಾಕಾಗುತ್ತದೆ. ನಾನು ಒಂದು ಬಳಗದ ಕ್ಯಾಲೆಂಡರನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ಮೊದಲು ಬಳಗದ ಹೆಸರಿನಲ್ಲೇ ಒಂದು ಹೊಸ ಗೂಗಲ್ ಖಾತೆ ತೆರೆಯಿರಿ. ನಿಮ್ಮ ಸ್ವಂತ ಖಾತೆಯಲ್ಲಿ ಖಂಡಿತ ಮಾಡಬೇಡಿ. ಪದಾಧಿಕಾರಿಗಳು ಬದಲಾಗುತ್ತಾರೆ, ಕ್ಯಾಲೆಂಡರ್ ಹಳಬರ ಖಾತೆಯಲ್ಲೇ ಉಳಿದುಬಿಡುತ್ತದೆ. ಆಮೇಲೆ ಒಂದು ತಾರೀಕು ತಿದ್ದಬೇಕೆಂದರೂ ಅವರಿಗೆ ಫೋನ್ ಮಾಡುತ್ತಾ ಕೂರಬೇಕು. ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ಮರೆತರೆ ಮರಳಿ ಪಡೆಯಲು ಫೋನ್ ನಂಬರ್ ಸೇರಿಸಿಡಿ. ಆಗಾಗ ಆ ಖಾತೆಯಿಂದ ಲಾಗಿನ್ ಆಗುತ್ತಿರಿ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, 2023ರ ಕೊನೆಯಿಂದ ಆ ನಿಯಮ ಇದೆ.

ಹೊಸ ಕ್ಯಾಲೆಂಡರನ್ನು ಫೋನಿನ ಆ್ಯಪ್‌ನಲ್ಲಿ ಮಾಡಲು ಹೋಗಬೇಡಿ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮಾಡಿ. ಎಡಗಡೆ 'ಅದರ್ ಕ್ಯಾಲೆಂಡರ್ಸ್' ಪಕ್ಕದ ಪ್ಲಸ್ ಒತ್ತಿದರೆ ದಾರಿ ಸಿಗುತ್ತದೆ. ಆಮೇಲೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ 'ಮೇಕ್ ಅವೈಲಬಲ್ ಟು ಪಬ್ಲಿಕ್' ಗುರುತು ಹಾಕಿ. ಅದರ ಜೊತೆಗೇ 'ಸೀ ಆಲ್ ಈವೆಂಟ್ ಡೀಟೇಲ್ಸ್' ಆರಿಸಿದ್ದೀರಾ ಅಂತ ನೋಡಿ. ಇಲ್ಲದಿದ್ದರೆ ಜನರಿಗೆ ಬರೀ 'ಬ್ಯುಸಿ' ಅಂತ ಕಾಣುತ್ತದೆ, ಏನು ಕಾರ್ಯಕ್ರಮ ಅಂತ ಕಾಣುವುದಿಲ್ಲ.

ಈಗ ಐಫೋನ್ ವಿಚಾರ. ಕ್ಯಾಲೆಂಡರ್‌ಗಳೆಲ್ಲ ಮಾತಾಡಿಕೊಳ್ಳಲು ಐಕ್ಯಾಲೆಂಡರ್ ಅಂತ ಒಂದು ಮಾದರಿ ಇದೆ. ಅದು 1998ರಲ್ಲಿ ಬಂತು, 2009ರಲ್ಲಿ ಪರಿಷ್ಕರಣೆಯಾಯಿತು. ಗೂಗಲ್, ಆಪಲ್, ಮೈಕ್ರೋಸಾಫ್ಟ್ ಎಲ್ಲರೂ ಅದನ್ನು ಓದುತ್ತಾರೆ. ಹಾಗಾಗಿ ಜಿಮೇಲ್ ಇಲ್ಲದವರಿಗೆ ತೊಂದರೆ ಇಲ್ಲ. ಸೆಟ್ಟಿಂಗ್ಸ್‌ನ 'ಇಂಟಿಗ್ರೇಟ್ ಕ್ಯಾಲೆಂಡರ್' ಭಾಗದಲ್ಲಿ 'ಪಬ್ಲಿಕ್ ಅಡ್ರೆಸ್ ಇನ್ ಐಕಾಲ್ ಫಾರ್ಮ್ಯಾಟ್' ಅಂತ ಒಂದು ವಿಳಾಸ ಸಿಗುತ್ತದೆ. ಕೊನೆಯಲ್ಲಿ ಐಸಿಎಸ್ ಅಂತ ಇರುತ್ತದೆ. ಐಫೋನ್‌ನವರು ಕ್ಯಾಲೆಂಡರ್ ಆ್ಯಪ್‌ನಲ್ಲಿ 'ಆ್ಯಡ್ ಸಬ್‌ಸ್ಕ್ರಿಪ್ಷನ್ ಕ್ಯಾಲೆಂಡರ್' ಆರಿಸಿ ಅದನ್ನು ಅಂಟಿಸಿದರೆ ಆಯಿತು. ಅದರ ಕೆಳಗೇ 'ಸೀಕ್ರೆಟ್ ಅಡ್ರೆಸ್' ಅಂತ ಇನ್ನೊಂದು ಇದೆ. ಅದನ್ನು ಯಾರಿಗೂ ಕೊಡಬೇಡಿ. ಅಕಸ್ಮಾತ್ ಹೊರಗೆ ಹೋದರೆ ಪಕ್ಕದಲ್ಲೇ ರೀಸೆಟ್ ಇದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಆ ವಿಳಾಸದಿಂದ ಇಳಿಸಿಕೊಂಡ ಐಸಿಎಸ್ ಫೈಲನ್ನು ಜನರಿಗೆ ಕಳಿಸಬೇಡಿ, ವಿಳಾಸವನ್ನೇ ಕೊಡಿ. ಫೈಲ್ ಕಳಿಸಿದರೆ ಅವರು ಅದನ್ನು ಇಂಪೋರ್ಟ್ ಮಾಡುತ್ತಾರೆ. ಅದು ಆ ಹೊತ್ತಿನ ನಕಲು ಅಷ್ಟೇ. ನೀವು ಆಮೇಲೆ ಹತ್ತನ್ನು ನಾಲ್ಕು ಮಾಡಿದರೂ ಅವರ ಫೋನಿನಲ್ಲಿ ಹತ್ತೇ ಇರುತ್ತದೆ. ನಿಮ್ಮ ಹಿರಿಯ ದಂಪತಿಗೆ ಆದದ್ದೇ ಮತ್ತೆ ಆಗುತ್ತದೆ, ಈ ಸಲ ಕ್ಯಾಲೆಂಡರ್ ನಂಬಿಕೊಂಡು. ವಿಳಾಸ ಕೊಟ್ಟು ಸಬ್‌ಸ್ಕ್ರೈಬ್ ಮಾಡಿಸಿದರೆ ನೀವು ತಿದ್ದಿದ್ದು ಅವರಿಗೂ ಹೋಗುತ್ತದೆ.

ತಿದ್ದುವ ಹಕ್ಕು ಇಬ್ಬರು ಮೂವರಿಗೆ ಇರಲಿ. 'ಮೇಕ್ ಚೇಂಜಸ್ ಟು ಈವೆಂಟ್ಸ್' ಕೊಟ್ಟರೆ ಸಾಕು. ಹಕ್ಕು ಹಂಚುವ ಅಧಿಕಾರ ಬಳಗದ ಖಾತೆಗೆ ಮಾತ್ರ ಇರಲಿ. ಉಳಿದವರು ಕಾರ್ಯಕ್ರಮ ಸೇರಿಸಬೇಕೆಂದರೆ ಒಂದು ಗೂಗಲ್ ಫಾರ್ಮ್ ಇಡಿ. ದಿನ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಜಾಗ, ಯಾರನ್ನು ಕೇಳಬೇಕು, ಇಷ್ಟೇ ಸಾಲು. ಮುಗಿಯುವ ಹೊತ್ತನ್ನು ಜನ ಬಿಟ್ಟುಬಿಡುತ್ತಾರೆ, ಅದನ್ನು ಕಡ್ಡಾಯ ಮಾಡಿ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವವರಿಗೆ ಅದೇ ಮುಖ್ಯ ಅಲ್ವಾ?

ಹಿರಿಯರ ಗುಂಪಿನವಳು:

ಮೇಲಿನ ಸರ್ ಹೇಳಿದ್ದೆಲ್ಲ ಸರಿ. ಆದರೆ ಸಬ್‌ಸ್ಕ್ರೈಬ್ ಮಾಡಿ ಅಂದರೆ ವಯಸ್ಸಾದವರು ಅಲ್ಲೇ ಕೈಬಿಡುತ್ತಾರೆ. ನನ್ನ ಅನುಭವದಲ್ಲಿ ಅವರಿಗೆ ಬೇಕಿರುವುದು ಒತ್ತಿದರೆ ತೆರೆಯುವ ಒಂದು ಲಿಂಕ್. ಅದೇ ಸೆಟ್ಟಿಂಗ್ಸ್‌ನಲ್ಲಿ 'ಪಬ್ಲಿಕ್ ಯುಆರ್‌ಎಲ್' ಇದೆ, ಅದನ್ನು ವಾಟ್ಸಾಪ್ ಗ್ರೂಪ್‌ನ ವಿವರಣೆಯಲ್ಲಿ ಹಾಕಿಬಿಡಿ. ಅಲ್ಲಿದ್ದರೆ ಫಾರ್ವರ್ಡ್‌ಗಳ ಕೆಳಗೆ ಮುಳುಗುವುದಿಲ್ಲ. ಜಾಲತಾಣ ಇದ್ದರೆ ಅಲ್ಲೂ ಕೂರಿಸಬಹುದು. ಆದರೆ ತಿಂಗಳ ಚೌಕಗಳು ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ಪಟ್ಟಿಯ ಹಾಗೆ ಒಂದರ ಕೆಳಗೊಂದು ತೋರಿಸುವ ನೋಟವನ್ನೇ ಆರಿಸಿ.

ಇನ್ನೊಂದು, ಇದು ನನಗೆ ತುಂಬ ಮುಖ್ಯ. ಪಬ್ಲಿಕ್ ಅಂದರೆ ಲೋಕಕ್ಕೆಲ್ಲ ಕಾಣುತ್ತದೆ. ಯಾರ ಮನೆಯ ವಿಳಾಸವನ್ನೂ, ಮೊಬೈಲ್ ನಂಬರನ್ನೂ, ಜೂಮ್ ಲಿಂಕನ್ನೂ ಅದರಲ್ಲಿ ಬರೆಯಬೇಡಿ. ನಿಮ್ಮಲ್ಲಿ ಮಕ್ಕಳ ತರಗತಿ ಬೇರೆ ಇದೆ. ಯಾರದಾದರೂ ಮನೆಯಲ್ಲಿ ನಡೆಯುವುದಾದರೆ 'ಜಾಗ ಗ್ರೂಪ್‌ನಲ್ಲಿ ತಿಳಿಸುತ್ತೇವೆ' ಅಂತಷ್ಟೇ ಇರಲಿ. ಪದಾಧಿಕಾರಿಗಳ ಸಭೆಗಳಿಗೆ ಅದೇ ಖಾತೆಯಲ್ಲಿ ಇನ್ನೊಂದು ಕ್ಯಾಲೆಂಡರ್ ಮಾಡಿ, ಅದನ್ನು ಪಬ್ಲಿಕ್ ಮಾಡಬೇಡಿ.

ಬಳಗದ ಕಾರ್ಯದರ್ಶಿ:

ಇಬ್ಬರಿಗೂ ತುಂಬ ಧನ್ಯವಾದ. ಹೇಳಿದ ಹಾಗೇ ಮಾಡಿದೆವು, ಕ್ಯಾಲೆಂಡರ್ ಕಾಣುತ್ತಿದೆ. ಈಗ ಎರಡು ಸಂಶಯ. ಎರಡನೇ ಭಾನುವಾರವನ್ನು ಪ್ರತಿ ತಿಂಗಳೂ ಕೈಯಲ್ಲೇ ಹಾಕಬೇಕಾ? ಮತ್ತೆ, ಗುರುವಾರದ ತರಗತಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆ. ಒಬ್ಬರ ಐಫೋನಿನಲ್ಲಿ ಸಂಜೆವರೆಗೂ ಹಳೆ ಹೊತ್ತೇ ಇತ್ತು. ಅವರು ವಿಳಾಸ ಅಂಟಿಸಿಯೇ ಸೇರಿಸಿದ್ದರು, ಫೈಲ್ ಅಲ್ಲ.

ಕ್ಯಾಲೆಂಡರ್ ನೋಡಿಕೊಳ್ಳುವವನು:

ಕೈಯಲ್ಲಿ ಹಾಕಬೇಕಿಲ್ಲ. ಯಾವುದಾದರೂ ಎರಡನೇ ಭಾನುವಾರದ ಮೇಲೆ ಕಾರ್ಯಕ್ರಮ ಸೇರಿಸಿ 'ಡಸ್ ನಾಟ್ ರಿಪೀಟ್' ಅಂತ ಇರುವುದನ್ನು ಒತ್ತಿ. 'ಮಂತ್ಲಿ ಆನ್ ದ ಸೆಕೆಂಡ್ ಸಂಡೇ' ಅಂತ ತಾನೇ ತೋರಿಸುತ್ತದೆ. ಬರೀ ತಾರೀಕಿನ ಮೇಲೆ ಹಾಕಿಬಿಟ್ಟರೆ ಮುಂದಿನ ತಿಂಗಳು ಅದು ಮಂಗಳವಾರವೋ ಬುಧವಾರವೋ ಬಂದು ಕೂರುತ್ತದೆ. ಬದಲಿಸುವಾಗ ಮೂರು ಆಯ್ಕೆ ಕೇಳುತ್ತದೆ: ಇದೊಂದೇ, ಇದು ಮತ್ತು ಮುಂದಿನವು, ಎಲ್ಲವೂ. ಒಂದು ವಾರದ ಮಟ್ಟಿಗೆ ಬದಲಾವಣೆ ಇದ್ದರೆ 'ಇದೊಂದೇ' ಆರಿಸಿ. ಅವಸರದಲ್ಲಿ 'ಎಲ್ಲವೂ' ಒತ್ತಿದರೆ ಹಿಂದೆ ನಡೆದವುಗಳ ಹೊತ್ತೂ ಬದಲಾಗುತ್ತದೆ.

ತಡವಾಗಿ ಕಾಣುವುದು ನಿಮ್ಮ ತಪ್ಪಲ್ಲ. ಸಬ್‌ಸ್ಕ್ರೈಬ್ ಮಾಡಿದ ಫೋನ್ ಆಗಾಗ ಹೋಗಿ ಆ ವಿಳಾಸವನ್ನು ನೋಡಿ ಬರುತ್ತದೆ, ನಾವು ತಿದ್ದಿದ ಕೂಡಲೇ ಅದಕ್ಕೆ ಸುದ್ದಿ ಹೋಗುವುದಿಲ್ಲ. ಗೂಗಲ್ ಕೂಡ ಹೊರಗಿನ ವಿಳಾಸದಿಂದ ಸೇರಿಸಿದ ಕ್ಯಾಲೆಂಡರ್‌ಗೆ 12 ಗಂಟೆವರೆಗೆ ಹಿಡಿಯಬಹುದು ಅನ್ನುತ್ತದೆ. ಹಾಗಾಗಿ ಅದೇ ದಿನದ ಬದಲಾವಣೆಗೆ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಮೊದಲು ಕ್ಯಾಲೆಂಡರ್ ತಿದ್ದಿ, ಕೂಡಲೇ ಗ್ರೂಪ್‌ನಲ್ಲೂ ಹೇಳಿ, ಗ್ರೂಪ್ ನೋಡದವರಿಗೆ ಒಂದು ಫೋನ್ ಮಾಡಿ. ನೆನಪಿಸುವ ಗಂಟೆಯೂ ಅಷ್ಟೇ, ನೀವು ಹಾಕಿದ್ದು ಅವರ ಫೋನಿನಲ್ಲಿ ಬಾರಿಸುತ್ತದೆ ಅಂದುಕೊಳ್ಳಬೇಡಿ. ಅವರವರೇ ಹಾಕಿಕೊಳ್ಳಬೇಕು.

ಕಾರ್ಯಕ್ರಮ ನಿಂತರೆ ಅಳಿಸಬೇಡಿ. ಅಳಿಸಿದರೆ ಸುಮ್ನೆ ಮಾಯವಾಗುತ್ತದೆ, ನೋಡಿದವರಿಗೆ ತಾನೇ ದಿನ ತಪ್ಪಾಗಿ ನೆನಪಿಟ್ಟುಕೊಂಡೆನೇನೋ ಅನಿಸುತ್ತದೆ. ಹೆಸರಿನ ಮುಂದೆ 'ರದ್ದು' ಅಂತ ಸೇರಿಸಿ, ದಿನ ಕಳೆಯುವವರೆಗೆ ಹಾಗೇ ಬಿಡಿ. ಯಾರಾದರೂ ಕೈತಪ್ಪಿ ಅಳಿಸಿದರೆ ಗಾಬರಿ ಬೇಡ, ಕಂಪ್ಯೂಟರಿನಲ್ಲಿ ತೆರೆದರೆ ಆ ಕ್ಯಾಲೆಂಡರಿನ ಟ್ರ್ಯಾಶ್‌ನಲ್ಲಿ ಸುಮಾರು 30 ದಿನ ಇರುತ್ತದೆ.