ಅಪ್‌ಡೇಟ್: ಕಟ್ಟಿಕೊಂಡಿದ್ದ ಡ್ರಿಪ್‌ನಲ್ಲಿ ನೀರು ಬಂತು

ಡ್ರಿಪ್ (ಹನಿ ನೀರಾವರಿ ಪೈಪು) ಕಟ್ಟಿಕೊಂಡಿದೆ, ಏನು ಮಾಡಲಿ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆ ಅಲ್ವಾ? ಜತ್ತ ತಾಲೂಕಿನಲ್ಲಿ ನಮ್ಮ ಎರಡು ಎಕರೆ ದಾಳಿಂಬೆ. ಬೋರು ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು, ಅದರಲ್ಲೂ ಸಾಲಿನ ಕೊನೆಯ ಗಿಡಗಳಿಗೆ ಹನಿಯೇ ಬೀಳುತ್ತಿರಲಿಲ್ಲ.

ಫಿಲ್ಟರ್ ತೊಳೆದೆ, ಏನೂ ಆಗಲಿಲ್ಲ. ಹನಿ ಬೀಳಿಸುವ ಡ್ರಿಪ್ಪರ್‌ಗೆ ಸೂಜಿ ಚುಚ್ಚಿ ಅಂದಿದ್ದಿರಲ್ಲ, ಅದನ್ನು ಮಾತ್ರ ಯಾರೂ ಮಾಡಬೇಡಿ. ತೂತು ದೊಡ್ಡದಾಗಿ ಇದ್ದ ನೀರೂ ಸುಮ್ನೆ ಹರಿದು ಹೋಯಿತು.

ಕೊನೆಗೆ ಒಂದು ಡ್ರಿಪ್ಪರ್ ಕೊಯ್ದು ನೋಡಿದೆ. ಒಳಗೆ ಬಿಳಿ ಪದರ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಥೇಟ್ ಹಾಗೇ. ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬಂತು. ಅಂದರೆ ಮಣ್ಣಲ್ಲ, ಬೋರಿನ ಗಡಸು ನೀರಿನ ಸುಣ್ಣ.

ಹಾಗಾಗಿ ಆಸಿಡ್ ಬಿಡಿ ಅಂದವರ ಸಲಹೆಯೇ ಗೆದ್ದಿತು. ಹೈಡ್ರೋಕ್ಲೋರಿಕ್ ಆಸಿಡನ್ನು ನೀರಿಗೆ ಬೆರೆಸಿ (ಆಸಿಡ್‌ಗೆ ನೀರು ಹಾಕಬಾರದು, ಸಿಡಿಯುತ್ತದೆ) ವೆಂಚುರಿಯಿಂದ (ಗೊಬ್ಬರ, ಔಷಧಿಯ ನೀರನ್ನು ಪೈಪಿನೊಳಗೆ ಎಳೆದುಕೊಳ್ಳುವ ಸಾಧನ) ಬಿಟ್ಟೆ. ಕೊನೆಯ ಡ್ರಿಪ್ಪರ್ ಹತ್ತಿರ ಪಿಎಚ್ ಪೇಪರ್ (ನೀರು ಎಷ್ಟು ಹುಳಿ ಅಂತ ತೋರಿಸುವ ಕಾಗದ) 4 ತೋರಿಸಿದ ಮೇಲೆ ಮೋಟಾರು ನಿಲ್ಲಿಸಿ ಒಂದು ದಿನ ಹಾಗೇ ಬಿಟ್ಟು, ಮರುದಿನ ಪೈಪಿನ ತುದಿ ಬಿಚ್ಚಿ ನೀರು ಬಿಟ್ಟರೆ ಮಜ್ಜಿಗೆಯಂಥ ಬಿಳಿ ನೀರು!

ನಮ್ಮದು ಗಂಟೆಗೆ 4 ಲೀಟರಿನ ಡ್ರಿಪ್ಪರ್, 15 ನಿಮಿಷಕ್ಕೆ ಒಂದು ಲೀಟರ್ ಬರಬೇಕು. ಮೊದಲು ಕೊನೆಯ ಗಿಡದಲ್ಲಿ ಒಂದು ಲೋಟವೂ ತುಂಬುತ್ತಿರಲಿಲ್ಲ, ಈಗ ಲೀಟರಿಗೆ ಸ್ವಲ್ಪವೇ ಕಮ್ಮಿ.

ಬ್ಲೀಚಿಂಗ್ ಪೌಡರ್ ಹೇಳಿದವರಿಗೆ: ಅದು ಪಾಚಿಗೆ, ಸುಣ್ಣಕ್ಕಲ್ಲ. ಆಸಿಡ್ ಜೊತೆ ಬೆರೆತರೆ ವಿಷದ ಗಾಳಿ ಏಳುತ್ತದಂತೆ, ನನಗೆ ಗೊತ್ತೇ ಇರಲಿಲ್ಲ. ಎರಡನ್ನೂ ಒಟ್ಟಿಗೆ ಸುರಿಯೋಣ ಅಂತಿದ್ದೆ ಮಾರಾಯರೇ!